ಊರಿಗೆ ನೀರು, ನಾಡಿಗೆ ವಚನ: ಫ.ಗು. ಹಳಕಟ್ಟಿ

ಫ.ಗು. ಹಳಕಟ್ಟಿ ಯಾರು ಎಂದು ಕೇಳಿದರೆ ನಮ್ಮ ಶಾಲೆಗಳ ಮಕ್ಕಳು ವಚನ ಪಿತಾಮಹ ಎಂದು ತಟ್ಟನೆ ಹೇಳುತ್ತಾರೆ. ಉತ್ತರ ಸರಿಯೇ. ಆದರೆ ಪಾಠ ಆ ಬಿರುದಿನಲ್ಲೇ ಮುಗಿದರೆ, ಬರದ ಸೀಮೆಯ ಒಂದು ಊರಿಗಾಗಿ ಜೀವಮಾನವಿಡೀ ದುಡಿದ ನಾಗರಿಕನ ಪರಿಚಯ ಮಕ್ಕಳಿಗೆ ಆಗುವುದಿಲ್ಲ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರೂ ಹೌದು. ತಾಯಿ ದಾನಮ್ಮ ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಅಜ್ಜಿಯ ಆರೈಕೆಯಲ್ಲಿ ಬಾಲಕ ಬೆಳೆದ. ಮುಂದೆ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದರು. ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ಮಾಡಿ, ವಿಜಾಪುರಕ್ಕೆ ಬಂದು ನೆಲೆನಿಂತರು.

ಆಗಿನ ವಿಜಾಪುರ ಜಿಲ್ಲೆಯಲ್ಲಿ ಇಂದಿನ ಬಾಗಲಕೋಟೆ ಜಿಲ್ಲೆಯೂ ಸೇರಿತ್ತು. ಗುಡೂರು, ಇಳಕಲ್, ಬಾದಾಮಿ ಎಲ್ಲಕ್ಕೂ ಅದೇ ಜಿಲ್ಲಾ ಸ್ಥಳ. 1876–78ರ ಘೋರ ಬರದ ನೆನಪು ಜನರಲ್ಲಿ ಇನ್ನೂ ಮಾಸಿರಲಿಲ್ಲ. ಆದಿಲಶಾಹಿ ಅರಸರು ಕೆರೆ, ಬಾವಡಿ, ನೆಲದೊಳಗಿನ ಕಾಲುವೆಗಳಿಂದ ಊರಿಗೆ ನೀರು ತಂದಿದ್ದರೂ, ಕಾಲ ಕಳೆದಂತೆ ಆ ವ್ಯವಸ್ಥೆ ಹದಗೆಟ್ಟಿತ್ತು. ಬೇಸಿಗೆ ಬಂತೆಂದರೆ ಕೊಡ ಹೊತ್ತು ಅಲೆಯುವುದು ಜನರ ಪಾಡಾಗಿತ್ತು. ನಗರಸಭೆಯ ಕೆಲಸಕ್ಕೆ ಇಳಿದ ಹಳಕಟ್ಟಿಯವರು ಈ ಕೊರತೆಯನ್ನೇ ಮೊದಲು ಕೈಗೆತ್ತಿಕೊಂಡರು. ಊರಿಗೆ ನೀರು ಕೊಡುವ ಭೂತನಾಳ ಕೆರೆಗಾಗಿ ದುಡಿದವರಲ್ಲಿ ಅವರ ಹೆಸರು ಮುಖ್ಯವಾದದ್ದು.

ನೀರಿನಷ್ಟೇ ದೊಡ್ಡ ಕೊರತೆ ವಿದ್ಯೆಯದು. ಹಳ್ಳಿಯ ಹುಡುಗ ಹೆಚ್ಚಿನ ಓದಿಗೆ ದೂರದೂರಿಗೆ ಹೋಗಬೇಕಿತ್ತು. ಹೋಗಲಾರದವನ ಓದು ಅಲ್ಲಿಗೇ ನಿಲ್ಲುತ್ತಿತ್ತು. 1910ರಲ್ಲಿ ಅವರ ಮುಂದಾಳತ್ವದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿತು. ಸಾಲಕ್ಕಾಗಿ ಬಡ್ಡಿ ಸಾಹುಕಾರರ ಕಟ್ಟೆ ಹತ್ತುವುದು ತಪ್ಪಲೆಂದು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಆರಂಭವಾಯಿತು. ಒಕ್ಕಲಿಗರು, ನೇಕಾರರು ಸಹಕಾರ ಸಂಘ ಕಟ್ಟಿಕೊಳ್ಳಲೂ ಅವರು ನೆರವಾದರು. ಮುಂಬಯಿ ಶಾಸನಸಭೆಯ ಸದಸ್ಯರಾಗಿಯೂ ಕೆಲಸ ಮಾಡಿದರು.

ಈ ಓಡಾಟದ ನಡುವೆಯೇ ಇನ್ನೊಂದು ಕೆಲಸ ನಡೆದಿತ್ತು. 1903ರಲ್ಲಿ ರಬಕವಿ-ಬನಹಟ್ಟಿಯ ಮನೆಯೊಂದರಲ್ಲಿ ಅವರು ವಚನಗಳ ತಾಡೋಲೆ ಕಟ್ಟುಗಳನ್ನು ಕಂಡಿದ್ದರು. ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದ ಇಂಥ ಕಟ್ಟುಗಳನ್ನು ಬಿಚ್ಚಿ ಓದುವವರು ವಿರಳ. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು, ನಕಲು ಮಾಡಿದರು, ಒಂದರೊಡನೊಂದು ಹೋಲಿಸಿ ನೋಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂತು. ಸ್ವಂತ ಮುದ್ರಣಾಲಯವಿಲ್ಲದೆ ಈ ಕೆಲಸ ಮುಂದೆ ಸಾಗದೆಂದು ಅರಿತು, ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’, ಅದರ ಮರುವರ್ಷ ‘ನವಕರ್ನಾಟಕ’ ಪತ್ರಿಕೆ ಹೊರಟವು. ಅವರಿಗಿಂತ ಮೊದಲು ಹೆಸರು ತಿಳಿದಿದ್ದ ವಚನಕಾರರು ಸುಮಾರು 50; ಅವರ ಶ್ರಮದಿಂದ ಆ ಸಂಖ್ಯೆ ಸುಮಾರು 250ಕ್ಕೆ ಏರಿತು.

ಕೆರೆಗೂ ತಾಡೋಲೆಗೂ ಏನು ಸಂಬಂಧ ಎಂದು ಕೇಳಬಹುದು. ಎರಡರಲ್ಲೂ ಹಳಕಟ್ಟಿಯವರ ರೀತಿ ಒಂದೇ. ಚದುರಿ ಹೋಗುತ್ತಿದ್ದುದನ್ನು ಒಂದೆಡೆ ನಿಲ್ಲಿಸಿ, ಎಲ್ಲರ ಬಳಕೆಗೆ ಒದಗಿಸುವುದು. ಹರಿದುಹೋಗುವ ಮಳೆನೀರಿಗೆ ಕೆರೆ, ಕೈಕೈಯಲ್ಲಿದ್ದ ಅಲ್ಪ ಹಣಕ್ಕೆ ಬ್ಯಾಂಕು, ಮನೆಮನೆಯಲ್ಲಿ ಹುಳು ತಿನ್ನುತ್ತಿದ್ದ ಓಲೆಗೆ ಅಚ್ಚಿನ ಪುಸ್ತಕ. ತಾವು ಮಾತ್ರ ಬಾಡಿಗೆ ಮನೆಯಲ್ಲಿ ಉಳಿದರು.

1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದವು. ಬಡತನ ಕೊನೆಯವರೆಗೂ ಜೊತೆಗಿತ್ತು. 1964ರ ಜೂನ್ 29ರಂದು ಅವರು ತೀರಿಕೊಂಡರು.

ಈ ಜೀವನವನ್ನು ಪಾಠವಾಗಿಸುವಾಗ ಪ್ರಶಿಕ್ಷಣಾರ್ಥಿಗಳು ಇಸವಿಗಳ ಪಟ್ಟಿಯಿಂದ ಆರಂಭಿಸದಿರುವುದು ಒಳ್ಳೆಯದು. ನಿಮ್ಮ ಓಣಿಗೆ ನೀರು ಎಲ್ಲಿಂದ ಬರುತ್ತದೆ, ಅದನ್ನು ತರಲು ಯಾರು ದುಡಿದರು ಎಂದು ಮಕ್ಕಳನ್ನೇ ಕೇಳಿ. ಮನೆಯಲ್ಲಿ, ಪಂಚಾಯಿತಿಯಲ್ಲಿ ವಿಚಾರಿಸಿಕೊಂಡು ಬರಲಿ. ಮಗ್ಗದ ಸದ್ದು ಕೇಳಿ ಬೆಳೆದ ಮಗುವಾದರೆ ನೇಕಾರರಿಗೆ ಸಹಕಾರ ಸಂಘ ಏಕೆ ಬೇಕಾಯಿತೆಂದು ತಾನೇ ಹೇಳೀತು. ಆ ಉತ್ತರಗಳನ್ನು ಕರಿಹಲಗೆಯ ಮೇಲೆ ಬರೆದು, ಬಳಿಕ ಹಳಕಟ್ಟಿಯವರ ಹೆಸರು ಹೇಳಿ. ಆಗ ಮಕ್ಕಳಿಗೆ ಬಿರುದಿನ ಹಿಂದಿದ್ದ ದುಡಿಮೆ ಕಾಣುತ್ತದೆ. ಊರಿನ ಕೆಲಸಕ್ಕೆ ಕುರ್ಚಿಗಿಂತ ಮೊದಲು ಮನಸ್ಸು ಬೇಕೆಂಬುದನ್ನು ನಾವು ಬೇರೆ ಹೇಳಬೇಕಾಗುವುದಿಲ್ಲ.