ನಾಲಿಗೆ ಕಲ್ಲಿನ ಗುಟ್ಟು ಬಿಡಿಸಿದ ಸ್ಟೀನೊ

ಮಕ್ಕಳೇ, ಬೆಟ್ಟದ ಬಂಡೆಯೊಳಗೆ ಕಡಲ ಮೀನಿನ ಹಲ್ಲು ಸೇರುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದವರು ನಿಕೊಲಸ್ ಸ್ಟೀನೊ.

ಅವರು 1638ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಜನಿಸಿದರು. ತಂದೆ ಅಕ್ಕಸಾಲಿಗರು. ಬಾಲ್ಯದಲ್ಲಿ ಕಾಯಿಲೆಯಿಂದ ನರಳಿದ ಸ್ಟೀನೊ ಮುಂದೆ ವೈದ್ಯಶಾಸ್ತ್ರ ಓದಿದರು. ಬಾಯಿಗೆ ಜೊಲ್ಲುರಸ ತರುವ ಒಂದು ನಾಳವನ್ನು 1660ರಲ್ಲಿ ಗುರುತಿಸಿದರು. ಅದಕ್ಕೆ ಇಂದಿಗೂ ಅವರದೇ ಹೆಸರಿದೆ.

1666ರಲ್ಲಿ ಅವರು ಇಟಲಿಯ ಫ್ಲಾರೆನ್ಸ್ ನಗರದಲ್ಲಿದ್ದರು. ಆಗ ಲಿವೊರ್ನೊ ತೀರದ ಬಳಿ ಮೀನುಗಾರರು ಭಾರಿ ಶಾರ್ಕ್ ಹಿಡಿದರು. ಅದರ ತಲೆಯನ್ನು ಪರೀಕ್ಷಿಸುವ ಕೆಲಸ ಸ್ಟೀನೊ ಪಾಲಿಗೆ ಬಂತು. ಅದರ ಹಲ್ಲುಗಳು ಬಂಡೆಗಳಲ್ಲಿ ಸಿಗುತ್ತಿದ್ದ ನಾಲಿಗೆ ಕಲ್ಲುಗಳಂತೆಯೇ ಇದ್ದವು! ಆ ಕಲ್ಲುಗಳು ಆಕಾಶದಿಂದ ಬಿದ್ದವು, ಹಾವಿನ ನಾಲಿಗೆಯೇ ಕಲ್ಲಾಯಿತು ಎಂದೆಲ್ಲ ಜನ ನಂಬಿದ್ದರು. ಅವು ಶಾರ್ಕಿನ ಹಲ್ಲೆಂದು ಮೊದಲೇ ಹೇಳಿದವರೂ ಇದ್ದರು. ಆದರೆ ಹಲ್ಲು ಗಟ್ಟಿ ಬಂಡೆಯೊಳಗೆ ಹೋದದ್ದು ಹೇಗೆ?

ಸ್ಟೀನೊ 1669ರ ಪುಸ್ತಕದಲ್ಲಿ ವಿವರಿಸಿದರು. ನೀರಿನ ತಳದಲ್ಲಿ ಮಣ್ಣು ಪದರ ಪದರವಾಗಿ ಕೂರುತ್ತದೆ. ಹಲ್ಲು, ಚಿಪ್ಪು ಅದರಲ್ಲಿ ಹೂತುಹೋಗುತ್ತವೆ. ಮಣ್ಣು ಗಟ್ಟಿಯಾಗಿ ಬಂಡೆಯಾಗುತ್ತದೆ. ಆದ್ದರಿಂದ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಅಂದರೆ ಆ ಬೆಟ್ಟ ಒಂದು ಕಾಲದಲ್ಲಿ ಕಡಲ ತಳವಾಗಿತ್ತು!

ಮುಂದೆ ಅವರು ಕ್ರೈಸ್ತ ಧರ್ಮಗುರುವಾದರು. 1686ರಲ್ಲಿ, 48ನೇ ವಯಸ್ಸಿನಲ್ಲಿ, ಈಗಿನ ಜರ್ಮನಿಯ ಶ್ವೆರಿನ್‌ನಲ್ಲಿ ನಿಧನರಾದರು.

ಉತ್ತರ ಧ್ರುವದ ಕಡೆಯ ಬ್ಯಾಂಕ್ಸ್ ದ್ವೀಪದಲ್ಲೂ ಅಂಟಾರ್ಕ್ಟಿಕದ ಸೇಮೋರ್ ದ್ವೀಪದಲ್ಲೂ ಸುಮಾರು 4-5 ಕೋಟಿ ವರ್ಷ ಹಳೆಯ ಶಾರ್ಕ್ ಹಲ್ಲುಗಳು ಸಿಕ್ಕಿವೆ. ಧ್ರುವದ ಕಡಲುಗಳು ಆಗ ಈಗಿನಷ್ಟು ತಣ್ಣಗಿರಲಿಲ್ಲ. ವಿಜ್ಞಾನಿಗಳು ಆ ಹಲ್ಲುಗಳಿಂದ ಹಳೆಯ ಕಡಲಿನ ಕಥೆ ತಿಳಿಯುವುದು ಸ್ಟೀನೊ ತೋರಿದ ದಾರಿಯಲ್ಲೇ.