ಕೊಡಲು ಹೋದವರು ಪಡೆದದ್ದು

ಅಂಗವಿಕಲರ ಕ್ರೀಡಾಕೂಟಕ್ಕೆ ಸ್ವಯಂಸೇವಕರಾಗಿ ಬನ್ನಿ ಎಂದು ಯಾರಾದರೂ ಕರೆದರೆ ನಿಮ್ಮ ಮನದಲ್ಲಿ ಮೊದಲು ಮೂಡುವ ಭಾವನೆ ಯಾವುದು? ಬಹುಶಃ ಕನಿಕರ. ಕನಿಕರ ಕೆಟ್ಟದ್ದಲ್ಲ, ಆದರೆ ಅಲ್ಲಿಗೇ ನಿಂತರೆ ಸಾಲದು. ಅದು ಗೌರವವಾಗಿ ಬೆಳೆಯುವುದು ಹೇಗೆ ಎಂಬುದನ್ನು ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಅವರ ಬಾಳಿನಿಂದ ಕಲಿಯೋಣ.

ಅವರು 1899ರಲ್ಲಿ, ಅಂದು ಜರ್ಮನಿಗೆ ಸೇರಿದ್ದ ಟೋಸ್ಟ್ ಎಂಬ ಊರಿನ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದರು. 1917ರಲ್ಲಿ, ಇನ್ನೂ ಹದಿನೆಂಟರ ಹರೆಯದಲ್ಲಿ, ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾದರು. ಬೆನ್ನು ಮುರಿದ ಗಟ್ಟಿಮುಟ್ಟಾದ ಯುವ ಗಣಿಕಾರ್ಮಿಕನೊಬ್ಬನನ್ನು ಅಲ್ಲಿಗೆ ತಂದರು. ಇವನು ಉಳಿಯುವುದಿಲ್ಲ, ವಿವರ ಬರೆದಿಡುವ ಶ್ರಮವೂ ಬೇಡ ಎಂದರು ವೈದ್ಯರು. ಕೆಲವೇ ವಾರಗಳಲ್ಲಿ ಅವನು ತೀರಿಹೋದ. ಆ ಮುಖವನ್ನು ಗುಟ್‌ಮನ್ ಜೀವಮಾನವಿಡೀ ಮರೆಯಲಿಲ್ಲ.

ಮುಂದೆ ಅವರು ನರರೋಗ ತಜ್ಞರಾದರು. ಹಿಟ್ಲರನ ಹಿಂಸೆಯಿಂದಾಗಿ 1939ರಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಇಂಗ್ಲೆಂಡಿಗೆ ವಲಸೆ ಹೋದರು. 1944ರಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ, ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದವರ ವಿಭಾಗ ಅವರ ಪಾಲಿಗೆ ಬಂತು. ಅಂಥ ರೋಗಿಗಳು ಹಾಸಿಗೆ ಹುಣ್ಣಿನಿಂದಲೂ ಮೂತ್ರದ ಸೋಂಕಿನಿಂದಲೂ ಸಾಯುವುದೇ ವಾಡಿಕೆಯಾಗಿತ್ತು. ಹಗಲಿರುಳೆನ್ನದೆ ಎರಡೆರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಾಯಿಸಬೇಕೆಂದು ಗುಟ್‌ಮನ್ ಹಟ ಹಿಡಿದರು.

ದೇಹ ಉಳಿದರೆ ಸಾಕೇ? ಮನಸ್ಸೂ ಏಳಬೇಡವೇ? ಅದಕ್ಕಾಗಿ ಆಟವನ್ನೇ ಚಿಕಿತ್ಸೆಯಾಗಿಸಿದರು. ಗಾಲಿಕುರ್ಚಿಯ ಪೋಲೋ ಶುರುವಾದಾಗ ತಾವೂ ಗಾಲಿಕುರ್ಚಿಯಲ್ಲಿ ಕುಳಿತು ಆಡಿದರು. ಆ ಗಳಿಗೆಯನ್ನು ಊಹಿಸಿಕೊಳ್ಳಿ. ಹಾಸಿಗೆಯ ಪಕ್ಕದಲ್ಲಿ ನಿಂತು ಕೆಳಗೆ ನೋಡುವ ವೈದ್ಯರು ಈಗ ರೋಗಿಯ ಕಣ್ಣಿನ ಮಟ್ಟಕ್ಕೇ ಇಳಿದಿದ್ದಾರೆ. ಇಲ್ಲಿ ರೋಗಿ ಅವರ ಎದುರಾಳಿ. ಎದುರಾಳಿಯ ಬಗ್ಗೆ ಕನಿಕರಪಡಲು ಯಾರಿಗೆ ಪುರುಸೊತ್ತಿದೆ?

1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಮಂದಿ ಬಿಲ್ಲುವಿದ್ಯೆಯಲ್ಲಿ ಸ್ಪರ್ಧಿಸಿದರು. 1960ರಲ್ಲಿ ರೋಮ್ ನಗರದಲ್ಲಿ 23 ದೇಶಗಳ ಸುಮಾರು 400 ಮಂದಿ ಸೇರಿದರು. ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸುವುದು ಇದನ್ನೇ. ತಂಗಿದ್ದ ಕಟ್ಟಡಗಳಲ್ಲಿ ಮೆಟ್ಟಿಲುಗಳೇ ಅಡ್ಡಿಯಾದಾಗ ಇಟಲಿಯ ಸೈನಿಕರು ಅವರನ್ನು ಕುರ್ಚಿ ಸಮೇತ ಹೊತ್ತರು. ಆ ಕ್ರೀಡಾಪಟುಗಳನ್ನು ಬರಮಾಡಿಕೊಂಡ ಜಗದ್ಗುರು 23ನೇ ಜಾನ್ ಅವರು, ಆಧುನಿಕ ಒಲಿಂಪಿಕ್ಸ್‌ನ ಜನಕ ಕುಬರ್ಟಿನ್‌ಗೆ ಗುಟ್‌ಮನ್‌ರನ್ನು ಹೋಲಿಸಿ ಹರಸಿದರು. ಬೇರೆ ಧರ್ಮದ ಈ ವೈದ್ಯರ ಕೆಲಸದಲ್ಲಿ ಅವರು ಒಳಿತನ್ನು ಕಂಡರು. 1980ರ ಮಾರ್ಚ್ 18ರಂದು ಗುಟ್‌ಮನ್ ಕಣ್ಮುಚ್ಚಿದರು.

ಅವರು ಕೊಟ್ಟದ್ದನ್ನು ಲೋಕ ಬಲ್ಲದು. ಪಡೆದದ್ದೇನು? ಹೆಸರು ತಿಳಿಯದ ಒಬ್ಬ ಗಣಿಕಾರ್ಮಿಕನು ಆ ಹದಿನೆಂಟರ ಸ್ವಯಂಸೇವಕನಿಗೆ ಬಾಳಿನ ಗುರಿಯನ್ನೇ ಕೊಟ್ಟುಹೋದ. ಕೈಚಾಚಿ ನೆರವಾಗಲು ಹೋದವರು ಬರಿಗೈಯಲ್ಲಿ ಹಿಂದಿರುಗುವುದಿಲ್ಲ.

ಹಾಗಾದರೆ ನಾವೇನು ಮಾಡೋಣ? ಅಂಥ ಕ್ರೀಡಾಕೂಟ ನಿಮ್ಮ ಊರಿನಲ್ಲಿ ನಡೆದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕೇಳದೆ ಯಾರ ಗಾಲಿಕುರ್ಚಿಯನ್ನೂ ತಳ್ಳಬೇಡಿ. ಮೊದಲು ಹೆಸರು ಕೇಳಿ. ಆಡಲು ಕರೆದರೆ ಆಡಿ. ಆದರೆ ಪಾಪ ಎಂದು ಬೇಕೆಂದೇ ಸೋಲಬೇಡಿ. ಮನೆಗೆ ಹಿಂದಿರುಗುವಾಗ ನಿಮ್ಮಲ್ಲಿ ಏನು ಬದಲಾಗಿದೆ ಎಂದು ದೇವರ ಸನ್ನಿಧಿಯಲ್ಲಿ ನಿಮ್ಮನ್ನೇ ಕೇಳಿಕೊಳ್ಳಿ.