ಮನೋರೋಗಿಗಳ ಪರವಾಗಿ ನಿಂತ ಧರ್ಮಾಧ್ಯಕ್ಷರು

1940ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಜರ್ಮನಿಯ ಸಾವಿರಾರು ಮನೆಗಳಿಗೆ ಒಂದೇ ಬಗೆಯ ಪತ್ರಗಳು ಬರತೊಡಗಿದವು. ಮಾನಸಿಕ ಆಸ್ಪತ್ರೆಯಲ್ಲಿದ್ದ ನಿಮ್ಮವರನ್ನು ಬೇರೆಡೆಗೆ ಸಾಗಿಸಲಾಯಿತು, ಅಲ್ಲಿ ಕಾಯಿಲೆಯಿಂದ ತೀರಿಕೊಂಡರು, ಸೋಂಕಿನ ಭಯದಿಂದ ಶವವನ್ನು ಸುಟ್ಟಿದ್ದೇವೆ ಎಂಬುದೇ ಅವುಗಳ ಸಾರಾಂಶ. ಹಿಂದೆಯೇ ಅಪೆಂಡಿಕ್ಸ್ ತೆಗೆಸಿಕೊಂಡವರು ಅಪೆಂಡಿಕ್ಸ್‌ನಿಂದ ಸತ್ತರೆಂದು ಬರೆದದ್ದೂ ಉಂಟು!

ನಿಜ ಸಂಗತಿ ಏನು? 1939ರ ಸೆಪ್ಟೆಂಬರ್ 1ರ ದಿನಾಂಕ ಹಾಕಿದ ಪತ್ರವೊಂದರ ಮೂಲಕ ಹಿಟ್ಲರನು ವಾಸಿಯಾಗದ ರೋಗಿಗಳನ್ನು ಕೊಲ್ಲಲು ಅನುಮತಿ ಕೊಟ್ಟಿದ್ದನು. ಆಸ್ಪತ್ರೆಗಳು ರೋಗಿಗಳ ಬಗ್ಗೆ ಫಾರಂ ತುಂಬಿ ಕಳುಹಿಸಬೇಕಿತ್ತು. ಈತ ಕೆಲಸ ಮಾಡಬಲ್ಲನೇ ಎಂಬುದು ಅದರಲ್ಲಿ ಮುಖ್ಯ ಪ್ರಶ್ನೆ. ರೋಗಿಯ ಮುಖವನ್ನೇ ನೋಡದ ವೈದ್ಯರು ಆ ಕಾಗದದ ಮೇಲೆ ಗುರುತು ಹಾಕುತ್ತಿದ್ದರು. ಆಯ್ಕೆಯಾದವರನ್ನು ಬಸ್ಸುಗಳಲ್ಲಿ ಹಾಡಮಾರ್‌ನಂಥ ಆರು ಕೇಂದ್ರಗಳಿಗೆ ಒಯ್ದು ವಿಷಾನಿಲದಿಂದ ಕೊಂದರು. 1941ರ ಆಗಸ್ಟ್ ವೇಳೆಗೆ ಹೀಗೆ ಸತ್ತವರು 70,000ಕ್ಕೂ ಹೆಚ್ಚು.

ಈ ಕೊಲೆಯನ್ನು ಕೊಲೆಯೆಂದೇ ಬಹಿರಂಗವಾಗಿ ಕರೆದವರಲ್ಲಿ ಪ್ರಮುಖರು ಮ್ಯೂನ್‌ಸ್ಟರ್‌ನ ಧರ್ಮಾಧ್ಯಕ್ಷ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್. 1878ರ ಮಾರ್ಚ್ 16ರಂದು ಡಿಂಕ್‌ಲಾಗೆಯ ಶ್ರೀಮಂತ ಮನೆತನದಲ್ಲಿ, 13 ಮಕ್ಕಳಲ್ಲಿ 11ನೆಯವರಾಗಿ ಹುಟ್ಟಿದರು. 1904ರಲ್ಲಿ ಗುರುದೀಕ್ಷೆ ಪಡೆದರು. ಬರ್ಲಿನ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸೇವೆ ಸಲ್ಲಿಸಿ, 1933ರಲ್ಲಿ ಧರ್ಮಾಧ್ಯಕ್ಷರಾದರು. ಹೊಗಳಿಕೆಗೂ ಹೆದರಿಕೆಗೂ ಮಣಿಯೆನು ಎಂಬುದು ಅವರು ಆರಿಸಿಕೊಂಡ ಧ್ಯೇಯವಾಕ್ಯದ ಅರ್ಥ.

1940ರ ಬೇಸಿಗೆಯಲ್ಲೇ ಕೊಲೆಗಳ ಸುದ್ದಿ ಅವರಿಗೆ ಮುಟ್ಟಿತ್ತು. ಹಿರಿಯರಾದ ಕಾರ್ಡಿನಲ್ ಬೆರ್ಟ್ರಾಮ್ ಅವರಿಗೆ ಪತ್ರ ಬರೆದರು. ಧರ್ಮಾಧ್ಯಕ್ಷರ ಕಡೆಯಿಂದ ಸರ್ಕಾರಕ್ಕೂ ಪತ್ರಗಳು ಹೋದವು, ಫಲ ಸಿಗಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು. ಕೊನೆಗೆ ಮ್ಯೂನ್‌ಸ್ಟರ್ ಬಳಿಯ ಮರಿಯೆನ್‌ಥಾಲ್ ಆಸ್ಪತ್ರೆಯ ರೋಗಿಗಳ ಸರದಿ ಬಂದಾಗ, 1941ರ ಜುಲೈ 28ರಂದು ಅವರು ಕೊಲೆಯ ದೂರು ದಾಖಲಿಸಿದರು. ಉತ್ತರವಿಲ್ಲ. ಆಗಸ್ಟ್ 3ರ ಭಾನುವಾರ ಸಂತ ಲ್ಯಾಂಬರ್ಟರ ದೇವಾಲಯದ ಪ್ರಬೋಧನಾ ಪೀಠವೇರಿ ಎಲ್ಲವನ್ನೂ ಜನರ ಮುಂದೆ ಇಟ್ಟರು.

ಆ ದಿನ ಅವರು ಒಬ್ಬ ರೈತನ ಕಥೆ ಹೇಳಿದರು. 55 ವರ್ಷದ ಆತ ಮರಿಯೆನ್‌ಥಾಲ್‌ನ ರೋಗಿ. ಎರಡು ವಾರದ ಹಿಂದಷ್ಟೇ ಹೆಂಡತಿಯೂ, ರಜೆಯ ಮೇಲೆ ಬಂದಿದ್ದ ಸೈನಿಕ ಮಗನೂ ನೋಡಿ ಹೋಗಿದ್ದರು. ಮಗ ದೇಶಕ್ಕಾಗಿ ಯುದ್ಧಭೂಮಿಯಲ್ಲಿರುವಾಗ ಅದೇ ದೇಶ ಅವನ ತಂದೆಯನ್ನು ಕೊಲ್ಲಲಿತ್ತು. ದುಡಿಯಲಾಗದವರನ್ನು ಕೊಲ್ಲಬಹುದಾದರೆ ನಾಳೆ ವೃದ್ಧರ ಗತಿಯೇನು, ಕೈಕಾಲು ಕಳೆದುಕೊಂಡು ಬರುವ ಸೈನಿಕರ ಗತಿಯೇನು ಎಂದು ಕೇಳಿದರು. ಮನುಷ್ಯನು ಹಳೆಯ ಯಂತ್ರವಲ್ಲ, ಕುಂಟುವ ಕುದುರೆಯಲ್ಲ ಎಂದು ತಿಳಿಹೇಳಿದರು.

ಪ್ರಬೋಧನೆಯ ಪ್ರತಿಗಳು ಕೈಯಿಂದ ಕೈಗೆ ದಾಟಿದವು. ಅವರನ್ನು ಗಲ್ಲಿಗೇರಿಸಬೇಕೆಂದು ನಾಜಿ ನಾಯಕರಲ್ಲಿ ಕೆಲವರು ಬಯಸಿದರೂ, ಜನ ತಿರುಗಿಬಿದ್ದಾರೆಂಬ ಭಯದಿಂದ ಯುದ್ಧ ಮುಗಿಯುವವರೆಗೆ ಮುಂದೂಡಿದರು. ಅವರ ಮಾತನ್ನು ಹರಡಿದ ಬೇರೆಯವರು ಬೆಲೆ ತೆತ್ತರು: ಲ್ಯೂಬೆಕ್‌ನ ಮೂವರು ಕಥೋಲಿಕ ಗುರುಗಳು ಮತ್ತು ಒಬ್ಬ ಲೂಥರನ್ ಪಾದ್ರಿಯ ಶಿರಚ್ಛೇದ 1943ರ ನವೆಂಬರ್ 10ರಂದು ನಡೆಯಿತು. ಅವರ ಮೇಲಿನ ಆರೋಪಗಳಲ್ಲಿ ಇದೂ ಒಂದು.

ಆಗಸ್ಟ್ 24ರಂದು ಹಿಟ್ಲರನು ವಿಷಾನಿಲದ ಕೊಲೆಗಳನ್ನು ನಿಲ್ಲಿಸಿದನು. ಆದರೆ ಕೊಲೆ ನಿಲ್ಲಲಿಲ್ಲ. ಆಸ್ಪತ್ರೆಗಳಲ್ಲೇ ಹಸಿವೆಯಿಂದಲೂ ಮಿತಿಮೀರಿದ ಔಷಧಿಯಿಂದಲೂ 1945ರವರೆಗೆ ಗುಟ್ಟಾಗಿ ಮುಂದುವರಿಯಿತು. ಇನ್ನೊಂದು ಮಾತನ್ನೂ ಮರೆಮಾಚಬಾರದು: ಯೆಹೂದ್ಯರ ಮೇಲಿನ ಹಿಂಸೆಯ ವಿರುದ್ಧ ಅವರು ಹೀಗೆ ಬಹಿರಂಗವಾಗಿ ಗುಡುಗಲಿಲ್ಲ.

1946ರ ಫೆಬ್ರವರಿಯಲ್ಲಿ ಕಾರ್ಡಿನಲ್ ಆದ ಅವರು ಮಾರ್ಚ್ 22ರಂದು ನಿಧನರಾದರು. 2005ರ ಅಕ್ಟೋಬರ್ 9ರಂದು ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು.

ಓದುಗರೇ, ನಮ್ಮ ನಡುವೆ ಅಂಥ ಬಸ್ಸುಗಳಿಲ್ಲ. ಆದರೆ ಮನಸ್ಸು ಕೆಟ್ಟವರನ್ನು ಹಿಂದಿನ ಕೋಣೆಗೆ ತಳ್ಳಿ, ನೆಂಟರ ಮುಂದೆ ಅವರ ಹೆಸರೆತ್ತದ ಮನೆಗಳಿವೆ. ಇವನಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಅಂಥ ಮನೆಯಲ್ಲೂ ಹುಟ್ಟುತ್ತದೆ. ಆ ರೈತನನ್ನು ಹೆಂಡತಿ, ಮಗ ಹುಡುಕಿಕೊಂಡು ಹೋಗಿದ್ದರು. ಈ ಭಾನುವಾರ ಪೂಜೆ ಮುಗಿಸಿ ನೀವು ಯಾರನ್ನು ನೋಡಲು ಹೋಗುವಿರಿ?